ಸೆಲ್ಲಕ್ಕನ ಬಿಗಿ ಮುಚ್ಚಳ

ನಮ್ಮಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಮನೆಯ ದಾಖಲೆಗಳಲ್ಲಿ ಭದ್ರವಾಗಿದೆ, ಹೊರಗೆ ಯಾರಿಗೂ ಬೇಕಾಗಿಲ್ಲ. ಹಳೆಯ ರೀಲಿನ ಕ್ಯಾಮೆರಾ ಇಟ್ಟುಕೊಂಡವರೆಲ್ಲ ಅವಳನ್ನು ಕರೆಯುವುದು ಸೆಲ್ಲಕ್ಕ ಎಂದೇ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಟರನ್ನು ಬಿಚ್ಚಿ ಜೋಡಿಸುವವಳು, ಲೆನ್ಸಿನೊಳಗೆ ಬೆಳೆದ ಬೂಷ್ಟನ್ನು ತೆಗೆಯುವವಳು, ಅಂಥವಳನ್ನು ಬರೀ ಸೆಲ್ಲು ಮಾರುವವಳ ಹಾಗೆ ಕರೆಯುವುದೆಂದರೇನು? ಅಕ್ಕನಿಗೆ ಮಾತ್ರ ಅದು ಬಿರುದು. "ಶಟರ್ ರಿಪೇರಿ ಮಾಡೋರು ಹುಡುಕಿದ್ರೆ ಇನ್ನೂ ನಾಲ್ಕು ಜನ ಸಿಗ್ತಾರೆ. ಯಾವ ಕ್ಯಾಮೆರಾಗೆ ಯಾವ ಸೆಲ್ಲು ಅಂತ ಗ್ಯಾರಂಟಿ ಕೊಟ್ಟು ಹೇಳೋಳು ನಾನೊಬ್ಬಳೇ ಕಣೇ" ಎನ್ನುತ್ತಾಳೆ. ಜಂಬವಂತೂ ಧಾರಾಳವಾಗಿದೆ. ಆದರೆ ಮಾತು ಸುಳ್ಳಲ್ಲ.

ಅವಳ ಅಂಗಡಿ ಇರುವುದು ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ. ಮುಂದೆ ನಿಂತರೆ ಆರಾಮ, ನಾಲ್ಕು ಹೆಜ್ಜೆ ಹಿಂದೆ ಹೋದರೆ ತಲೆ ಢೀ ಎಂದು ಬಡಿಯುತ್ತದೆ. ಮಹಡಿಯ ಟೈಲರ್ ಹತ್ತಿ ಇಳಿದಾಗಲೆಲ್ಲ ಸೂರಿನಿಂದ ಸುಣ್ಣದ ಪುಡಿ ಉದುರುತ್ತದೆ. ಅದಕ್ಕೇ ಟೇಬಲ್ಲಿನ ಮೇಲೆ ಯಾವಾಗಲೂ ಒಂದು ಒದ್ದೆ ಬಟ್ಟೆ, ಬಿಚ್ಚಿಟ್ಟ ಕ್ಯಾಮೆರಾದ ಮೇಲೆ ಕವುಚಿದ ಗಾಜಿನ ಬಟ್ಟಲು. ಗೋಡೆಗೆ ತಾಗಿಸಿ ಇಪ್ಪತ್ತನಾಲ್ಕು ಸಣ್ಣ ಡ್ರಾಯರುಗಳಿವೆ. ಅವು ಅವಳು ಮೊದಲು ಕೆಲಸ ಮಾಡುತ್ತಿದ್ದ ಸ್ಟುಡಿಯೊದವು. ಅಲ್ಲಿ ನೆಗೆಟಿವ್‌ಗಳ ಮೇಲಿನ ಚುಕ್ಕೆ ಗೀರುಗಳನ್ನು ಕುಂಚದಿಂದ ಮುಚ್ಚುವುದಷ್ಟೇ ಅವಳ ಕೆಲಸವಾಗಿತ್ತು. ಒಂದು ದಿನ ಮಾಲೀಕರ ಕ್ಯಾಮೆರಾ ಕಚ್ಚಿಕೊಂಡಿತು. ಅವರು ಊಟಕ್ಕೆ ಹೋದಾಗ ಇವಳು ಯಾರನ್ನೂ ಕೇಳದೆ ಅದನ್ನು ಬಿಚ್ಚಿ ಹಾಕಿದಳು. ಅವರು ಬಂದು ನೋಡಿದರೆ ಪೇಪರಿನ ಮೇಲೆ ನಲವತ್ತು ತಿರುಪುಗಳು ಸಾಲಾಗಿ ಮಲಗಿದ್ದವು. ಪಾಪ, ಅವರು ತಲೆಯ ಮೇಲೆ ಕೈ ಹೊತ್ತು ಕುಳಿತೇಬಿಟ್ಟರಂತೆ. ಸಂಜೆಯೊಳಗೆ ಕ್ಯಾಮೆರಾ ಟಕ್ ಟಕ್ ಎನ್ನುತ್ತಿತ್ತು. ಮುಂದೆ ರೀಲಿನ ಕಾಲ ಮುಗಿದು ಸ್ಟುಡಿಯೊ ಮುಚ್ಚಿದಾಗ, "ಈ ಕಸವನ್ನೆಲ್ಲ ನೀನೇ ಇಟ್ಕೊಳ್ಳಮ್ಮ" ಎಂದು ಡ್ರಾಯರುಗಳನ್ನು ಅವಳಿಗೇ ಬಿಟ್ಟುಹೋದರು. ಈಗ ರೀಲಿನ ಹುಚ್ಚು ಮತ್ತೆ ಹತ್ತಿದೆ. ಅಜ್ಜನ ಪೆಟ್ಟಿಗೆಯಿಂದ, ಅತ್ತೆಯ ಬೀರುವಿನಿಂದ ಕ್ಯಾಮೆರಾಗಳು ಎದ್ದು ಬರುತ್ತಿವೆ. ಎಲ್ಲವೂ ಕೇಳುವುದು ಒಂದೇ, ಸೆಲ್ಲು.

ಇದರಲ್ಲೇನಿದೆ ಅಷ್ಟು ದೊಡ್ಡ ವಿದ್ಯೆ ಎಂದು ನಾನೂ ಕೇಳಿದ್ದೇನೆ. ನಾನು ಶಾಲೆಯಲ್ಲಿ ಲೆಕ್ಕ ಕಲಿಸುವವಳು, ನನಗೆ ಅಂಕಿಯಲ್ಲಿ ಹೇಳಿದರೆ ಸಾಕು. ಅಕ್ಕ ಹೇಳಿದ್ದು ಇಷ್ಟು. ಆ ಕಾಲದ ಕ್ಯಾಮೆರಾಗಳಲ್ಲಿ ಬೆಳಕನ್ನು ಅಳೆಯುವ ಮೀಟರಿನ ಮುಳ್ಳು ಪಾದರಸದ ಸೆಲ್ಲಿನಿಂದ ಆಡುತ್ತಿತ್ತು. ಅದರ ಶಕ್ತಿ ಒಂದು ಪಾಯಿಂಟ್ ಮೂರು ಐದು ವೋಲ್ಟ್. ಸಾಯುವ ತನಕ ಅಷ್ಟೇ, ಒಂದು ಕೂದಲೂ ಆಚೀಚೆ ಇಲ್ಲ. ಪಾದರಸ ವಿಷವೆಂದು ಆ ಸೆಲ್ಲನ್ನು ನಿಲ್ಲಿಸಿದರು. ಈಗ ಅಂಗಡಿಯಲ್ಲಿ ಅದೇ ಗಾತ್ರಕ್ಕೆ ಸಿಗುವ ಸಾಧಾರಣ ಸೆಲ್ಲು ಒಂದೂವರೆ ವೋಲ್ಟಿನಿಂದ ಶುರುವಾಗಿ ದಿನದಿನಕ್ಕೂ ಇಳಿಯುತ್ತದೆ. ಇವತ್ತು ಒಂದು ಮಾತು, ನಾಳೆ ಇನ್ನೊಂದು ಮಾತು. ಬೆಳ್ಳಿಯ ಸೆಲ್ಲು ಮಾತಿಗೆ ತಪ್ಪುವುದಿಲ್ಲ, ಆದರೆ ಅದರ ಮಾತೇ ಜೋರು. ಮುಳ್ಳು ಇಲ್ಲದ ಬೆಳಕನ್ನು ಇದೆ ಎನ್ನುತ್ತದೆ, ಫೋಟೊ ಕಪ್ಪಗೆ ಬರುತ್ತದೆ. ಕೆಲವು ಕ್ಯಾಮೆರಾಗಳು ಆ ಜೋರನ್ನು ಒಳಗೇ ನುಂಗಿಕೊಳ್ಳುತ್ತವೆ, ಕೆಲವು ನುಂಗುವುದಿಲ್ಲ. ಯಾವುದು ನುಂಗುತ್ತದೆ ಎಂಬುದು ಅಕ್ಕನಿಗೆ ಬಾಯಿಪಾಠ.

ಉಳಿದದ್ದು ಗಾಳಿಯ ಸೆಲ್ಲು, ಕಿವಿ ಕೇಳದವರ ಮಿಷನ್ನಿಗೆ ಹಾಕುತ್ತಾರಲ್ಲ, ಅದೇ. ಬೆನ್ನಿನ ಸ್ಟಿಕ್ಕರ್ ಕಿತ್ತರೆ ಸಣ್ಣ ತೂತುಗಳು ಕಾಣುತ್ತವೆ. ಅವುಗಳ ಮೂಲಕ ಗಾಳಿ ಕುಡಿದು ಬದುಕುತ್ತದೆ. ಪಾದರಸದ ಸೆಲ್ಲಿನ ಶಕ್ತಿಗೆ ಇಷ್ಟು ಹತ್ತಿರ ಬರುವುದು ಇನ್ನೊಂದಿಲ್ಲ. ಗಾತ್ರ ಸಣ್ಣದಾದ್ದರಿಂದ ಸುತ್ತ ನಲ್ಲಿಯ ರಬ್ಬರ್ ಉಂಗುರ ತೊಡಿಸಿ ಕೂರಿಸಬೇಕು. ಆಯುಸ್ಸು ಮಾತ್ರ ಕಡಿಮೆ, ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ತಿಂಗಳು. ಅದಕ್ಕೇ ಅಕ್ಕ ಬಂದವರನ್ನೆಲ್ಲ ಮೊದಲು ತನಿಖೆ ಮಾಡುತ್ತಾಳೆ. "ಯಾವ ರೀಲ್ ಹಾಕ್ತೀರ? ವರ್ಷಕ್ಕೊಂದು ರೀಲ್ ಮುಗಿಸೋ ಗಿರಾಕಿನೋ, ವಾರಕ್ಕೊಂದೋ?" ಗೊತ್ತಿಲ್ಲ ಎಂದವರಿಗೆ ಸೆಲ್ಲು ಕೊಡದೆ ಹಿಂದಕ್ಕೆ ಕಳಿಸಿದ್ದೂ ಇದೆ. ವ್ಯಾಪಾರ ಮಾಡುವವರು ಹೀಗೂ ಇರುತ್ತಾರೆಯೇ ಎಂದು ನಾನು ಬೈದಿದ್ದೂ ಇದೆ.

ನಮ್ಮಮ್ಮನ ಕಿವಿಗೂ ಅದೇ ಗಾಳಿಯ ಸೆಲ್ಲು. ಹಾಗಾಗಿ ಅಮ್ಮನ ಕಿವಿಗೂ ಅಕ್ಕನ ಅಂಗಡಿಗೂ ಒಂದೇ ಸೆಲ್ಲಿನ ಪೊಟ್ಟಣದಿಂದ ಸರಬರಾಜು. "ನನ್ನ ಕಿವಿ ಕಿತ್ತು ಊರವರ ಕ್ಯಾಮೆರಾಗೆ ಹಾಕ್ತಾಳೆ" ಎಂದು ಅಮ್ಮ ಬಂದವರೆದುರೆಲ್ಲ ದೂರುತ್ತಾಳೆ.

ಇಂಥ ಅಕ್ಕನ ಹತ್ತಿರ ಬೈಂಡಿಂಗ್ ಮೇಸ್ತ್ರಿ ಬಂದದ್ದು ಒಂದು ಮಂಗಳವಾರ. ಶಾಲೆಯ ನೋಟ್‌ಬುಕ್ಕು, ಆಫೀಸಿನ ರಿಜಿಸ್ಟರು ಹೊಲಿದು ರಟ್ಟು ಕಟ್ಟುವ ಕಾರ್ಖಾನೆಗೆ ಅವರು ಮೇಸ್ತ್ರಿ. ಉದ್ದನೆಯ ಮನುಷ್ಯ, ಉಗುರಿನ ಸಂದಿಯಲ್ಲಿ ಒಣಗಿದ ಗೋಂದು. ಕ್ಯಾಮೆರಾವನ್ನು ಯಾರ ಕೈಗೂ ಕೊಡುವವರಲ್ಲ. ಅಕ್ಕನ ಟೇಬಲ್ಲಿನ ಮೇಲೆ ಇಟ್ಟರೂ ಅದರ ಪಟ್ಟಿಯನ್ನು ತಮ್ಮ ಬೆರಳಿಗೆ ಸುತ್ತಿಕೊಂಡೇ ಕೂತಿರುತ್ತಾರೆ, ಹಸುವಿನ ಹಗ್ಗ ಹಿಡಿದುಕೊಂಡ ಹಾಗೆ. ಇಪ್ಪತ್ತಾರು ವರ್ಷಗಳಿಂದ, ವರ್ಷಕ್ಕೊಮ್ಮೆ, ಕಾರ್ಖಾನೆಯ ಹಿಂದಿನ ಮೆಟ್ಟಿಲ ಮೇಲೆ ಎಲ್ಲರನ್ನೂ ನಿಲ್ಲಿಸಿ ಇದೇ ಕ್ಯಾಮೆರಾದಲ್ಲಿ ಫೋಟೊ ತೆಗೆದವರು. ಅದೂ ಸ್ಲೈಡ್ ರೀಲಿನಲ್ಲಿ. ಆಮೇಲೆ ಊಟದ ಕೋಣೆಯ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ದೊಡ್ಡದಾಗಿ ಬಿಟ್ಟು, ಮರದ ಸ್ಕೇಲು ಹಿಡಿದು ಒಂದೊಂದೇ ತಲೆ ಎಣಿಸುತ್ತಾರಂತೆ. ಯಾರೂ ಬಿಟ್ಟುಹೋಗಿಲ್ಲ ಎಂದು ಖಾತ್ರಿಯಾದ ಮೇಲೇ ದೀಪ ಹಾಕುವುದು.

"ಗುರುವಾರ ಕಾರ್ಖಾನೆ ಮುಚ್ತಾರಕ್ಕ" ಎಂದರು ಮೇಸ್ತ್ರಿ. "ಮೂವತ್ಮೂರು ಜನ ಉಳಿದಿದ್ದಾರೆ. ನಾಲ್ಕು ಗಂಟೆಗೆ ಫೋಟೊ. ಶುಕ್ರವಾರ ಯಾರು ಎಲ್ಲಿರ್ತಾರೋ ಗೊತ್ತಿಲ್ಲ. ಈ ಮುಳ್ಳು ಏಳ್ತಾನೇ ಇಲ್ಲ ನೋಡಿ."

"ಮೊಬೈಲಲ್ಲಿ ತೆಗೀಬಹುದಲ್ವಾ?" ಎಂದು ಬಾಯಿ ಹಾಕಿದವಳು ನಾನು. ಮೇಸ್ತ್ರಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಮೊಬೈಲಲ್ಲಿ ಎಲ್ಲರೂ ತೆಗೀತಾರೆ. ಇದು ನಾನು ತೆಗೆಯೋದು" ಎಂದರು ಅಕ್ಕನಿಗೆ. "ನನಗೆ ಬೆಳಕಿನ ಲೆಕ್ಕ ಬರೋದಿಲ್ಲ. ಇಣುಕಿದ್ರೆ ಕಾಣೋ ಉಂಗುರದ ಮಧ್ಯ ಮುಳ್ಳು ಬರೋ ತನಕ ಲೆನ್ಸ್ ತಿರುಗಿಸಿ ಒತ್ತು ಅಂತ ಹೇಳಿಕೊಟ್ಟಿದ್ರು, ಅಷ್ಟೇ ಗೊತ್ತಿರೋದು."

ಅಕ್ಕ ಕ್ಯಾಮೆರಾದ ತಳದ ಮುಚ್ಚಳ ತಿರುಗಿಸಿದಳು. ಯಾವುದೋ ಕಾಲದ ಸೆಲ್ಲು ಸೋರಿ ಹಸಿರು ಕಿಲುಬು ಕಟ್ಟಿತ್ತು. ವಿನೆಗರಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ತಿಕ್ಕಿ ತಿಕ್ಕಿ ಹಿತ್ತಾಳೆ ಕಾಣುವ ತನಕ ಬಿಡಲಿಲ್ಲ. ಸ್ಲೈಡ್ ರೀಲೆಂದರೆ ಕೂದಲೆಳೆಯಷ್ಟು ತಪ್ಪಿದರೂ ಕ್ಷಮಿಸುವುದಿಲ್ಲ, ಆದ್ದರಿಂದ ಗಾಳಿಯ ಸೆಲ್ಲೇ ಆಗಬೇಕು ಎಂದು ತೀರ್ಮಾನಿಸಿದಳು. ಸ್ಟಿಕ್ಕರ್ ಕಿತ್ತು, ಐದು ನಿಮಿಷ ಬಿಟ್ಟು, ರಬ್ಬರ್ ಉಂಗುರ ತೊಡಿಸಿ ಕೂರಿಸಿದಳು. ಮುಳ್ಳು ಎದ್ದು ನಿಂತಿತು. ಬೆಳಕು ಅಳೆಯುವ ತನ್ನ ಕೈ ಮೀಟರಿನ ಜೊತೆ ಹೋಲಿಸಿ ನೋಡಿದಳು, ಎರಡೂ ಒಂದೇ ಮಾತು. ಆದರೆ ಮುಚ್ಚಳದ ತಿರುಪಿನ ಗೆರೆಗಳು ಸವೆದು ಅದು ಲೊಡಲೊಡ ಅಲ್ಲಾಡುತ್ತಿತ್ತು. ಅರೆಬರೆ ಕೆಲಸ ಅಕ್ಕನ ಜಾಯಮಾನಕ್ಕೆ ಒಗ್ಗುವುದಿಲ್ಲ. ಡ್ರಾಯರಿನಿಂದ ದಪ್ಪ ವಾಷರೊಂದನ್ನು ಹುಡುಕಿ ಒಳಗೆ ಹಾಕಿ, ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿದಳು.

"ಈಗ ನೀರಿಗೆ ಬಿದ್ರೂ ಒಂದು ಹನಿ ಒಳಗೆ ಹೋಗಲ್ಲ ಮೇಸ್ತ್ರಿ. ಗ್ಯಾರಂಟಿ" ಎಂದಳು.

ಮೇಸ್ತ್ರಿ ಮುಖ ಅರಳಿಸಿಕೊಂಡು ಹೋದರು.

ಗುರುವಾರ ನನಗೆ ರಜೆ. ಅಮ್ಮನ ಕಿವಿಯ ಮಿಷನ್ನಿನ ಸೆಲ್ಲಿನ ಬಾಗಿಲು ಒಂದು ವಾರದಿಂದ ಪದೇಪದೇ ತೆರೆದುಕೊಳ್ಳುತ್ತಿತ್ತು. ಅಕ್ಕನಿಗೊಬ್ಬಳಿಗೇ ಕೈಕೆಲಸ ಬರುವುದೇ ಎಂದು, ನಾನೇ ಗಾಯಕ್ಕೆ ಹಚ್ಚುವ ಪಟ್ಟಿಯಿಂದ ಅದನ್ನು ಸುತ್ತಲೂ ಚೊಕ್ಕವಾಗಿ ಸುತ್ತಿ ಅಂಟಿಸಿದೆ. ಅಮ್ಮ ಎರಡು ಗಂಟೆ ಸುಖವಾಗಿದ್ದಳು. ಊಟಕ್ಕೆ ಅಕ್ಕ ಮನೆಗೆ ಬರುವ ಹೊತ್ತಿಗೆ "ಏನಂದೆ? ಏನಂದೆ?" ಶುರುವಾಗಿತ್ತು. ಅಕ್ಕ ಮಿಷನ್ನು ಕೈಗೆ ತೆಗೆದುಕೊಂಡು ನೋಡಿದವಳೇ ನನ್ನ ಮೇಲೆ ಹರಿಹಾಯ್ದಳು.

"ಯಾರೇ ಇದನ್ನ ಸುತ್ತಿದ್ದು? ನೀನಾ? ತಲೆಯಲ್ಲಿ ಏನಾದ್ರೂ ಇದೆಯಾ ನಿಂಗೆ? ಇದು ಗಾಳಿ ಸೆಲ್ಲು ಕಣೇ, ಉಸಿರಾಡಬೇಕು! ಹೀಗೆ ಮೂಗು ಬಾಯಿ ಎರಡೂ ಮುಚ್ಚಿದ್ರೆ ಹೇಗೆ ಬದುಕುತ್ತೆ? ಮಕ್ಕಳಿಗೆ ಪಾಠ ಬೇರೆ ಮಾಡ್ತೀಯಾ! ಇಷ್ಟು ಬಿಗಿಯಾಗಿ ಮುಚ್ಚಿದ್ರೆ..."

ಅಷ್ಟಕ್ಕೇ ಮಾತು ನಿಂತಿತು. ಪಟ್ಟಿ ಕೀಳುತ್ತಿದ್ದ ಕೈಯೂ ನಿಂತಿತು. ಬೈಗುಳವನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ ನಮ್ಮಕ್ಕ. ಅವಳ ಮುಖ ನೋಡಿ ನನಗೆ ಗಾಬರಿಯಾಯಿತು.

"ಮೇಸ್ತ್ರಿ ಮುಚ್ಚಳ" ಎಂದಳು. "ನಾನೂ ಇದನ್ನೇ ಮಾಡಿದ್ದೀನಿ ಕಣೇ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆ ದಪ್ಪ ವಾಷರು ಗಾಳಿ ಹೋಗುವ ದಾರಿಯನ್ನೆಲ್ಲ ಮುಚ್ಚಿತ್ತು. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಮುಗಿಯುವ ತನಕ ಮುಳ್ಳು ನಿಜ ಹೇಳಿದೆ. ಆಮೇಲೆ ಸೆಲ್ಲು ಸೊರಗುತ್ತದೆ, ಮುಳ್ಳು ಇರುವ ಬೆಳಕನ್ನೂ ಇಲ್ಲ ಎನ್ನುತ್ತದೆ. ಅದನ್ನು ನಂಬಿ ಮೇಸ್ತ್ರಿ ಬೆಳಕು ಜಾಸ್ತಿ ಬಿಡುತ್ತಾರೆ, ಸ್ಲೈಡು ಸುಟ್ಟು ಬೆಳ್ಳಗಾಗುತ್ತದೆ. ಮೂವತ್ತಮೂರು ಜನರ ಕೊನೆಯ ಫೋಟೊ, ಬರೀ ಬಿಳಿ.

ಗಂಟೆ ಮೂರು ದಾಟಿತ್ತು. ಮೇಸ್ತ್ರಿಯ ಮೊಬೈಲು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕಾರ್ಖಾನೆಯ ಫೋನನ್ನು ಆಗಲೇ ಬಿಚ್ಚಿಕೊಂಡು ಹೋಗಿದ್ದರು. ಅಲ್ಲಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಕ್ಕ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

ನಾನು ಹೇಳಬಾರದ ಒಂದು ಮಾತು ಹೇಳಿದೆ. ಈಗಲೂ ನಾಚಿಕೆಯಾಗುತ್ತದೆ. "ಹಳೇ ಕ್ಯಾಮೆರಾ ಅಕ್ಕ. ರೀಲ್ ಹಳೇದಿತ್ತೇನೋ, ತೊಳೆಯೋರು ಕೆಡಿಸಿದ್ರೇನೋ ಅಂದ್ಕೋತಾರೆ. ಸೆಲ್ಲು ಅಂತ ಯಾರಿಗೆ ಗೊತ್ತಾಗುತ್ತೆ?"

"ಆ ಮುಳ್ಳಿನ ಕೈಲಿ ಸುಳ್ಳು ಹೇಳಿಸಿರೋಳು ನಾನು. ಬರೋದಾದ್ರೆ ಬಾ, ಇಲ್ಲಾಂದ್ರೆ ಅಮ್ಮನ ಹತ್ರ ಕೂತ್ಕೋ" ಎಂದಳು.

ಅಮ್ಮನ ಸೆಲ್ಲಿನ ಪೊಟ್ಟಣದಲ್ಲಿ ಒಂದೇ ಒಂದು ಹೊಸ ಸೆಲ್ಲು ಉಳಿದಿತ್ತು. ಅಕ್ಕ ಅದನ್ನು ಕಿತ್ತುಕೊಂಡಳು. ಏನಾಗುತ್ತಿದೆ ಎಂದು ಕೇಳಿಸದ ಅಮ್ಮ, ಕಂಡದ್ದನ್ನು ಮಾತ್ರ ಹಿಡಿದು, "ತಗೊಂಡು ಹೋಗು ಹೋಗು, ನನ್ನ ಕಿವಿ ಯಾರಿಗೆ ಬೇಕು" ಎಂದು ಗೊಣಗಿದಳು.

ಬಸ್ಸಿನಲ್ಲಿ ಅಕ್ಕ ಸ್ಟಿಕ್ಕರ್ ಕಿತ್ತು ಸೆಲ್ಲನ್ನು ಅಂಗೈಯ ಮೇಲೆ ಇಟ್ಟುಕೊಂಡು ಕೂತಳು, ತಲುಪುವಷ್ಟರಲ್ಲಿ ಅದು ಚೆನ್ನಾಗಿ ಉಸಿರೆಳೆದುಕೊಳ್ಳಲಿ ಎಂದು. ಪಕ್ಕದಲ್ಲಿದ್ದ ಹೆಂಗಸು ತನ್ನ ನೀರಿನ ಬಾಟಲಿ ಮುಂದೆ ಹಿಡಿದು, "ತಗೊಳ್ಳಿ, ಮಾತ್ರೆ ಹಾಗೇ ಇಟ್ಕೊಂಡಿದ್ದೀರಲ್ಲ" ಎಂದಳು. ಬೇರೆ ದಿನವಾಗಿದ್ದರೆ ಅಕ್ಕ ಅವಳಿಗೆ ಇಳಿಯುವ ತನಕ ಸೆಲ್ಲಿನ ಚರಿತ್ರೆ ಹೇಳುತ್ತಿದ್ದಳು. ಅವತ್ತು ಬೇಡವೆಂದು ತಲೆಯಾಡಿಸಿದಳು, ಅಷ್ಟೇ.

ಕಾರ್ಖಾನೆಯ ಗೇಟು ಹಾರುಹೊಡೆದಿತ್ತು. ಒಳಗೆ ಖಾಲಿ ನೆಲ, ಮಿಷನ್ನುಗಳಿದ್ದ ಜಾಗದಲ್ಲಿ ಎಣ್ಣೆಯ ಚೌಕಗಳು. ಹಿಂದಿನ ಬಾಗಿಲು ದಾಟಿದರೆ ಮೆಟ್ಟಿಲ ಮೇಲೆ ಮೂರು ಸಾಲಾಗಿ ಜನ, ಏಪ್ರನ್ನಿನ ಮೇಲೆ ಗೋಂದಿನ ಕಲೆ, ಕೂದಲಿಗೆ ಮಾತ್ರ ನೀರು ಹಚ್ಚಿ ಬಾಚಿದ್ದಾರೆ. ಮೇಸ್ತ್ರಿ ಕಣ್ಣಿಗೆ ಕ್ಯಾಮೆರಾ ಹಿಡಿದು ನಿಂತಿದ್ದರು.

"ಒತ್ತಬೇಡಿ!" ಎಂದು ಅಕ್ಕ ಕಿರುಚಿದಳು.

ಮೂವತ್ತಮೂರು ತಲೆಗಳೂ ಇತ್ತ ತಿರುಗಿದವು. ಅಕ್ಕ ಏದುಸಿರು ಬಿಡುತ್ತಲೇ ಎಲ್ಲರೆದುರಿಗೆ ಹೇಳಿದಳು. "ಮೇಸ್ತ್ರಿ, ತಪ್ಪು ನಂದು. ಸೆಲ್ಲಿಗೆ ಗಾಳಿ ಹೋಗದ ಹಾಗೆ ಮುಚ್ಚಿಬಿಟ್ಟೆ. ಮುಳ್ಳು ಸುಳ್ಳು ಹೇಳ್ತಿದೆ. ಎಷ್ಟು ತೆಗೆದ್ರಿ?"

ಮೇಸ್ತ್ರಿ ಕ್ಯಾಮೆರಾ ಕೆಳಗಿಳಿಸಿದರು. "ಇವರದ್ದು ಇನ್ನೂ ಇಲ್ಲ. ಬೆಳಗ್ಗೆ ಕಟಿಂಗ್ ಮಿಷನ್ನಿಂದು ನಾಲ್ಕು ತೆಗೆದೆ."

"ಅವು ಬಂದಿರಲ್ಲ. ಈಗ ಮತ್ತೆ..."

"ಮಧ್ಯಾಹ್ನ ಲಾರಿ ಹತ್ತಿಸಿಕೊಂಡು ಹೋದ್ರು" ಎಂದರು ಮೇಸ್ತ್ರಿ. "ನಾನು ಹದಿನೆಂಟನೇ ವಯಸ್ಸಲ್ಲಿ ಸೇರಿದಾಗಿಂದ ಇದ್ದ ಮಿಷನ್ನು ಅದು."

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಅಕ್ಕನ ಕಣ್ಣು ತುಂಬಿತ್ತು, ಆದರೆ ತಲೆ ತಗ್ಗಿಸಲಿಲ್ಲ. "ಅದನ್ನ ನಾನು ವಾಪಸ್ ತರೋಕಾಗಲ್ಲ. ಇದೊಂದನ್ನ ಸರಿ ಮಾಡ್ತೀನಿ. ಕ್ಯಾಮೆರಾ ಕೊಡಿ" ಎಂದು ಕೈ ಚಾಚಿದಳು.

ಮೇಸ್ತ್ರಿ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡರು. ಎದುರಿನ ದೊಡ್ಡ ಕಟ್ಟಡದ ನೆರಳು ಅಂಗಳ ದಾಟಿ ಮೊದಲ ಮೆಟ್ಟಿಲಿನ ಹತ್ತಿರ ಬಂದಿತ್ತು. ಕೊನೆಗೆ ಕ್ಯಾಮೆರಾವನ್ನು ಮುಂದೆ ಚಾಚಿದರು, ಪಟ್ಟಿ ಕೊರಳಲ್ಲೇ ಇತ್ತು. ಅಕ್ಕ ಅವರ ಹೊಟ್ಟೆಗೆ ತಲೆ ತಾಗಿಸಿದಂತೆ ಬಗ್ಗಿ ಮುಚ್ಚಳ ಬಿಚ್ಚಿದಳು. ಹೊಲಿಗೆ ವಿಭಾಗದ ಮುದುಕಿಯೊಬ್ಬಳು ತನ್ನ ಏಪ್ರನ್ನಿನಿಂದ ಕಾಗದ ಕತ್ತರಿಸುವ ಬ್ಲೇಡು ತೆಗೆದುಕೊಟ್ಟಳು. ಅಕ್ಕ ಅದರಿಂದ ವಾಷರಿನ ಅಂಚನ್ನು ಎರಡು ಕಡೆ ಕಚ್ಚು ಮಾಡಿ ಗಾಳಿಗೆ ದಾರಿ ಬಿಟ್ಟು, ಹೊಸ ಸೆಲ್ಲು ಕೂರಿಸಿದಳು. ಮುಳ್ಳು ಚಕ್ಕನೆ ಮೇಲೆದ್ದಿತು. ಜೇಬಿನಿಂದ ಕೈ ಮೀಟರು ತೆಗೆದು ಜನರ ಮುಖದ ಹತ್ತಿರ ಹಿಡಿದು ನೋಡಿದಳು. ಎರಡೂ ಒಂದೇ ಮಾತು.

"ಈಗ ನಿಜ ಹೇಳ್ತಿದೆಯಾ?" ಎಂದರು ಮೇಸ್ತ್ರಿ.

"ಹೇಳ್ತಿದೆ."

"ಗ್ಯಾರಂಟಿ?"

ಅಕ್ಕ ಒಂದು ಕ್ಷಣವೂ ತಡಮಾಡಲಿಲ್ಲ. "ಗ್ಯಾರಂಟಿ. ತಪ್ಪು ಎಲ್ಲಾಗಿತ್ತು ಅಂತ ಗೊತ್ತಿರೋದ್ರಿಂದ, ಮೊನ್ನೆಗಿಂತ ಜಾಸ್ತಿ ಗ್ಯಾರಂಟಿ."

ಅಬ್ಬಾ ಇವಳ ಧೈರ್ಯವೇ ಎಂದುಕೊಂಡೆ. ಮೇಸ್ತ್ರಿ ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದರು, ಇಳಿಸಿದರು. ಮತ್ತೆ ಹಿಡಿದರು. ಮತ್ತೆ ಇಳಿಸಿದರು. ಆಮೇಲೆ ಅವರು ಮಾಡಿದ್ದನ್ನು ಆ ಮೂವತ್ತಮೂರು ಜನ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ. ಪಟ್ಟಿಯನ್ನು ಕೊರಳಿನಿಂದ ತೆಗೆದು ಅಕ್ಕನ ಕೊರಳಿಗೆ ಹಾಕಿದರು.

"ನನ್ನ ಕೈ ನಿಲ್ತಿಲ್ಲ. ಕೆಟ್ಟಿದ್ದನ್ನ ಹೇಳೋಕೆ ಇಷ್ಟು ದೂರ ಓಡಿ ಬಂದಿದ್ದೀರ, ನಿಮಗೆ ಕೊಡಬಹುದು. ಒತ್ತಿ."

"ಹಾಗಾದ್ರೆ ನೀವೂ ಹೋಗಿ ನಿಂತ್ಕೊಳ್ಳಿ" ಎಂದಳು ಅಕ್ಕ.

ಮೇಸ್ತ್ರಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ. ಎಲ್ಲರ ಜಾಗ ಗೊತ್ತು ಮಾಡಿದವರಿಗೆ ತಮ್ಮದೊಂದು ಜಾಗವೇ ಇರಲಿಲ್ಲ. ಸಾಲಿನ ಕೊನೆಯಲ್ಲಿ ಅತಿಥಿಯ ಹಾಗೆ ನಿಲ್ಲಲು ಹೋದರು. ಬ್ಲೇಡು ಕೊಟ್ಟ ಮುದುಕಿ ಅವರ ಅಂಗಿ ಹಿಡಿದೆಳೆದು ನಡುವೆ ನಿಲ್ಲಿಸಿಕೊಂಡಳು. "ಹೊಟ್ಟೆ ಒಳಗೆ ಎಳ್ಕೊಳ್ಳಿ ಮೇಸ್ತ್ರಿ" ಎಂದು ಹಿಂದಿನಿಂದ ಯಾರೋ ಕೂಗಿದರು, ಎಲ್ಲರೂ ನಕ್ಕರು. ನೆರಳು ಮುಂದಿನ ಸಾಲಿನವರ ಪಾದ ಮುಟ್ಟುವಷ್ಟರಲ್ಲಿ ಅಕ್ಕ ಮೂರು ಸಲ ಒತ್ತಿದ್ದಳು.

ಸ್ಲೈಡುಗಳು ಬಂದದ್ದು ಹದಿನೈದು ದಿನಗಳ ನಂತರ. ಮೇಸ್ತ್ರಿಗೆ ಊಟದ ಕೋಣೆಯ ಗೋಡೆ ಈಗ ಇರಲಿಲ್ಲವಲ್ಲ, ಆದ್ದರಿಂದ ಭಾನುವಾರ ಮಧ್ಯಾಹ್ನ ಪ್ರೊಜೆಕ್ಟರ್ ಹೊತ್ತುಕೊಂಡು ನಮ್ಮ ಮನೆಗೇ ಬಂದರು. ಕಂಕುಳಲ್ಲಿ ಮರದ ಸ್ಕೇಲೂ ಇತ್ತು. ಕಿಟಕಿಗೆ ಹೊದಿಕೆ ಕಟ್ಟಿದೆವು. ಅಮ್ಮ ಹೊಸ ಸೆಲ್ಲು ಹಾಕಿಸಿಕೊಂಡು ಎಲ್ಲರಿಗಿಂತ ಮುಂದೆ ಕೂತಳು.

ಮೊದಲ ನಾಲ್ಕು ಬರೀ ಬಿಳಿ. ಮೂಲೆಯಲ್ಲೊಂದು ಕಡೆ ಚಕ್ರದ ಅಂಚು ಮಸುಕಾಗಿ ಕಂಡ ಹಾಗಾಯಿತು, ಅಷ್ಟೇ. ಮೇಸ್ತ್ರಿ ಬೇಗ ಬೇಗ ದಾಟಿಸಲು ಹೋದರು. ಅಕ್ಕ ಬಿಡಲಿಲ್ಲ. "ನಿಲ್ಲಿಸಿ, ನಾನು ನೋಡಬೇಕು" ಎಂದು ನಾಲ್ಕನ್ನೂ ನೋಡಿದಳು. ಅದರಲ್ಲೊಂದನ್ನು ಕೇಳಿ ಪಡೆದಳು. ಅದು ಈಗಲೂ ಅಂಗಡಿಯಲ್ಲಿ ಅವಳ ದೀಪದ ಪಕ್ಕ ಅಂಟಿಕೊಂಡಿದೆ. ಅದೇನೆಂದು ಕೇಳಿದ ಗಿರಾಕಿಗಳಿಗೆ "ಕಟಿಂಗ್ ಮಿಷನ್ನು, ನಾನು ಕೆಡಿಸಿದ್ದು" ಎನ್ನುತ್ತಾಳೆ. ಆಮೇಲೆ ಮುಚ್ಚಳ ಹೇಗೆ ಹಾಕಬೇಕೆಂದು ತೋರಿಸಿಕೊಡುತ್ತಾಳೆ.

ಐದನೆಯದು ಗೋಡೆಯ ಮೇಲೆ ಬಂತು. ಮೆಟ್ಟಿಲು, ಗೋಂದಿನ ಕಲೆ, ಬಾಚಿದ ಕೂದಲು, ಒಬ್ಬೊಬ್ಬರ ಹುಬ್ಬೂ ಬೇರೆ ಬೇರೆಯಾಗಿ ಕಾಣುವಷ್ಟು ಸ್ಪಷ್ಟ. ಅಕ್ಕ ತಡೆಹಿಡಿದಿದ್ದ ಉಸಿರನ್ನು ಬಿಟ್ಟಳು. ಮೇಸ್ತ್ರಿ ಎದ್ದು ಸ್ಕೇಲಿನ ತುದಿಯನ್ನು ಹಿಂದಿನ ಸಾಲಿಗೆ ತಾಗಿಸಿ ಎಣಿಸತೊಡಗಿದರು. ಹನ್ನೊಂದು. ಇಪ್ಪತ್ತಮೂರು. ಮೂವತ್ತನಾಲ್ಕು. ನಿಂತರು. ಮತ್ತೆ ಮೊದಲಿನಿಂದ ಎಣಿಸಿದರು.

"ಮೂವತ್ಮೂರಲ್ವಾ ಇರಬೇಕಾದ್ದು? ಒಬ್ಬ ಜಾಸ್ತಿ ಬರ್ತಿದ್ದಾನೆ. ಹೊರಗಿನವರು ಯಾರಾದ್ರೂ ಸೇರ್ಕೊಂಡ್ರಾ?"

ನಡುವಿನ ಸಾಲಿನಲ್ಲಿ ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ. ಎಲ್ಲರೂ ಲೆನ್ಸ್ ನೋಡುತ್ತಿದ್ದರೆ ಅವನೊಬ್ಬ ಮಾತ್ರ ಕ್ಯಾಮೆರಾ ಹಿಡಿದವಳ ಬೆರಳುಗಳನ್ನು ಆತಂಕದಿಂದ ನೋಡುತ್ತಿದ್ದ. ಮಾತಾಡಿದ್ದು ಅಮ್ಮ.

"ಅದು ನೀವೇ ಅಲ್ವೇನಪ್ಪಾ?"

ಮೇಸ್ತ್ರಿ ಸ್ಕೇಲು ಇಳಿಸಿ ಗೋಡೆಯ ಹತ್ತಿರ ಹೋದರು. ಎಷ್ಟು ಹತ್ತಿರ ಹೋದರೆಂದರೆ ಫೋಟೊದ ಅರ್ಧ ಜನ ಅವರ ಬೆನ್ನಿನ ಮೇಲೇ ಬಂದು ನಿಂತರು.

"ಹೌದಲ್ಲ" ಎಂದರು. "ನಾನೂ ಇದ್ದೆ."